ನೀಲಿ ಕ್ಯಾನಿನ ಪೆಟ್ರೋಲು

ಹೋದ ವಾರ ಮೊಮ್ಮಗಳು ತನ್ನ ಹೊಸ ಕಾರಿನಲ್ಲಿ ನನ್ನನ್ನು ಯಾದಗಿರಿಗೆ ಕಣ್ಣು ತೋರಿಸಲು ಕರೆದೊಯ್ದಳು. ಶಹಾಪುರ ದಾಟಿ ಬಂಕಿನಲ್ಲಿ ನಿಲ್ಲಿಸಿದಾಗ ಕಿಟಕಿಯಿಂದ ಪೆಟ್ರೋಲಿನ ವಾಸನೆ ಬಂತು. ಆ ವಾಸನೆಗೆ ಎಷ್ಟೋ ಮಂದಿಗೆ ತಲೆ ನೋಯುತ್ತದೆ. ನನಗೆ ಮಿಸ್ತ್ರಿ ನೆನಪಾದ...

ಸುರಪುರದಲ್ಲಿ ನನ್ನದು ಕಿರಾಣಿ ಅಂಗಡಿ. ಎದುರಿನ ತಗಡಿನ ಶೆಡ್ಡಿನಲ್ಲಿ ಅವನ ಗ್ಯಾರೇಜು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚುತ್ತಿದ್ದ. ಬಿಚ್ಚಿ ನೋಡದೆಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದ. ಅವನ ಕಿವಿಯನ್ನು ನಂಬಿ ಜನ ಗಾಡಿ ಬಿಟ್ಟು ಹೋಗುತ್ತಿದ್ದರು. ಮೈತುಂಬ ಗ್ರೀಸು. ಜಳಕ ಮಾಡು ಎಂದು ನಾನು ದಿನಾ ಬೈಯುತ್ತಿದ್ದೆ.

ಊರಿನ ಸಾವುಕಾರನೊಬ್ಬ ಹೈದರಾಬಾದಿನಿಂದ ಹಳೆಯದೊಂದು ರೇಸಿನ ಕಾರು ತಂದ. ಮಿಸ್ತ್ರಿ ತಿಂಗಳುಗಟ್ಟಲೆ ಕುಳಿತು ಅದರ ಇಂಜಿನ್ ಬಿಚ್ಚಿ ಕಟ್ಟಿದ. ಅದಕ್ಕೆ ಹೆಚ್ಚು ನಂಬರಿನ ಪೆಟ್ರೋಲೇ ಬೇಕಂತೆ. ನಮ್ಮ ಕಡೆ ಸಿಗದು ಎಂದು ಹೈದರಾಬಾದಿನಿಂದ ತರಿಸಿ ದೊಡ್ಡ ನೀಲಿ ಕ್ಯಾನಿನಲ್ಲಿಟ್ಟ. ಗ್ಯಾರೇಜಿನಲ್ಲಿ ವೆಲ್ಡಿಂಗಿನ ಕಿಡಿ ಹಾರುತ್ತದೆ, ಅದಕ್ಕೆ ಕ್ಯಾನನ್ನು ನನ್ನ ಅಂಗಡಿಯ ಹಿತ್ತಲಿಗೆ ತಂದ.

"ಪೆಟ್ರೋಲ್ ಅಂದ್ರ ಪೆಟ್ರೋಲಪ್ಪ. ಅದ್ರಾಗೂ ನಂಬರೇನು?" ಅಂದೆ.

"ಎಲ್ಲಾ ಜ್ವಾಳದ ಹಿಟ್ಟೂ ರೊಟ್ಟಿ ಬಡಿಯಾಕ ಬರ್ತದೇನ ಯಕ್ಕಾ? ಜಿಗಿ ಇಲ್ಲಂದ್ರ ಬಡಿಯೂ ಮುಂದ ಹರೀತದ. ಇದೂ ಹಂಗಾ. ಈ ಇಂಜಿನ್ ಪೆಟ್ರೋಲ್‍ನ ಗಟ್ಟಿ ಒತ್ತತದ. ಕಡಿಮಿ ನಂಬರಿಂದು ತಡಕೊಳ್ಳಂಗಿಲ್ಲ, ಕಿಡಿ ಬರೂಕಿಂತ ಮೊದ್ಲಾ ಹೊತ್ಕೊಂತದ. ಒಳಗ ಸುತ್ತಿಗಿಲೆ ಬಡದಂಗ ಟಕಟಕ ಅಂತದ."

"ಹಂಗಾರ ನನ್ನ ಮಗನ ಬೈಕಿಗೂ ಒಂದೀಟು ಹಾಕು. ಜೋರು ಓಡ್ಲಿ."

"ಅದಕ್ಕ ಹಾಕಿದ್ರ ದಂಡ. ಇಂಜಿನ್ ಕೇಳಿದ್ದು ಕೊಡಬೇಕಕ್ಕಾ, ತುಟ್ಟಿದ್ದಲ್ಲ."

ನಕ್ಕು ಮರೆತೆ. ಆ ಬೇಸಿಗೆಯಲ್ಲಿ ಒಂದು ದಿನ ಸಾಲಿ ಮಾಸ್ತರರ ಸ್ಕೂಟರು ಪೆಟ್ರೋಲು ಮುಗಿದು ಅಂಗಡಿಯ ಮುಂದೆಯೇ ನಿಂತುಬಿಟ್ಟಿತು. ನೀಲಿ ಕ್ಯಾನಿನಿಂದ ಎರಡು ಬಾಟಲಿ ಕೊಟ್ಟೆ. ಮರುದಿನ ಅವರು ಬಂಕಿನಿಂದ ಎರಡು ಬಾಟಲಿ ತಂದುಕೊಟ್ಟರು. ಕ್ಯಾನಿಗೆ ಸುರಿದೆ. ಆಮೇಲೆ ಮತ್ತೊಬ್ಬರು, ಮಗದೊಬ್ಬರು... ನಮ್ಮ ಓಣಿಯಲ್ಲಿ ಹಿಟ್ಟು ಕೈಗಡ ಕೊಡುವುದೂ ಹೀಗೆಯೇ. ಒಂದು ಸೇರು ಒಯ್ದವರು ಒಂದು ಸೇರು ತಂದು ಹಾಕಬೇಕು. ಕ್ಯಾನಿನಲ್ಲಿ ಒಂದು ಹನಿಯೂ ಕಡಿಮೆಯಾಗದಂತೆ ನೋಡಿಕೊಂಡೆ. ಅದು ನನಗೆ ಹೆಮ್ಮೆಯೇ ಆಗಿತ್ತು.

ಕಾರು ತಯಾರಾದ ದಿನ ಮಿಸ್ತ್ರಿ ಆ ಕ್ಯಾನನ್ನೇ ಒಯ್ದು ಸುರಿದ. ಗೆಳೆಯರನ್ನು ಕೂರಿಸಿಕೊಂಡು ಸಾವುಕಾರ ಶಹಾಪುರದ ರಸ್ತೆಯಲ್ಲಿ ಜೋರಾಗಿ ಓಡಿಸಿದ. ಮಧ್ಯಾಹ್ನ ಟ್ರ್ಯಾಕ್ಟರು ಆ ಕಾರನ್ನು ಎಳೆದುಕೊಂಡು ಬಂತು. ಒಳಗಿನ ಪಿಸ್ಟನ್ ತೂತು ಬಿದ್ದಿತ್ತು.

"ಒಳ್ಳೇದು ಮಾರ್ಕೊಂಡು ಸಾದಾದು ಹಾಕೀಯೇನಲೇ, ಕಳ್ಳ?" ಎಂದು ಸಾವುಕಾರ ಓಣಿಗೆಲ್ಲ ಕೇಳುವಂತೆ ಒದರಿದ.

ಮಿಸ್ತ್ರಿ ಖಾಲಿ ಕ್ಯಾನಿನ ಮುಚ್ಚಳ ತೆಗೆದು ಮೂಸಿದ. ನೇರ ನನ್ನ ಕಡೆ ಬಂದ.

"ಯಕ್ಕಾ, ಇದನ್ನ ಯಾರರೆ ಮುಟ್ಟಿದ್ರೇನು?"

ಆಗ ನನಗೆ ಹರಿಯುವ ರೊಟ್ಟಿಯ ಮಾತು ನೆನಪಾಯಿತು. ಹಿಂದೆ ಹತ್ತು ಮಂದಿ ನಿಂತಿದ್ದರು, ಎಲ್ಲರೂ ನನ್ನ ಗಿರಾಕಿಗಳು. ಇವಳು ಬೆರಕೆ ಮಾಡುವವಳು ಎಂದರೆ ನಾಳೆ ಯಾರು ಎಣ್ಣೆ ಒಯ್ದಾರು?

"ಇಲ್ಲಪ್ಪ," ಅಂದೆ.

ಮತ್ತೆ ಅವನು ಕೇಳಲಿಲ್ಲ. ಗ್ಯಾರೇಜಿಗೆ ಗಾಡಿ ಬರುವುದು ನಿಂತಿತು. ಮಳೆಗಾಲಕ್ಕೆ ಮುಂಚೆ ತಗಡು ಬಿಚ್ಚಿ ರಾಯಚೂರಿಗೆ ಹೊರಟ. ಹೋಗುವಾಗ ಕ್ಯಾನು ತಂದು ಕಟ್ಟೆಯ ಮೇಲಿಟ್ಟ. "ನಿನ್ನ ಹತ್ರಾ ಇರ್ಲಿ ಯಕ್ಕಾ," ಅಂದ. ಅವನಿಗೆ ಗೊತ್ತಿತ್ತೋ ಇಲ್ಲವೋ...

ಬಂಕಿನವನು ಕಿಟಕಿಗೆ ಬಗ್ಗಿದ. "ಸಾದಾ ಹಾಕ್ಲೇನ್ರಿ, ತುಟ್ಟಿದು ಹಾಕ್ಲೇನ್ರಿ?"

"ತುಟ್ಟಿದಾ ಹಾಕಸ್ಲೇನ್ ಆಯಿ? ಗಾಡಿ ಜೋರು ಓಡ್ತದಂತ," ಅಂದಳು ಮೊಮ್ಮಗಳು.

"ಟಾಕಿ ಮುಚ್ಚಳದ ಹಿಂದ ಏನ್ ಬರ್ದಾರ ನೋಡು. ಇಂಜಿನ್ ಕೇಳಿದ್ದು ಹಾಕು."

ಇಳಿದು ನೋಡಿ ಸಾದಾ ಪೆಟ್ರೋಲನ್ನೇ ಹಾಕಿಸಿದಳು. ನಗುತ್ತ ಕೂತಳು. "ನಾಕನೇ ಕ್ಲಾಸ್ ಕಲ್ತಾಕಿಗಿ ಇದೆಲ್ಲ ಯಾರ್ ಹೇಳ್ಯಾರಬೇ?"

"ಒಬ್ಬ ಮಿಸ್ತ್ರಿ ಹೇಳಿದ್ದ. ಅಂವನ ಅನ್ನ ಕಳದಾಕಿ ನಾನು."

ಅವಳ ನಗು ನಿಂತಿತು. ದಾರಿಯಲ್ಲಿ ಎಲ್ಲ ಹೇಳಿದೆ. ಭೀಮಾ ನದಿಯ ಸೇತುವೆಯ ಮೇಲೆ ಗಾಡಿ ನಿಧಾನ ಮಾಡಿದಳು. ಆಮೇಲೆ, "ಹೋಗ್ಲಿ, ಈಗರೆ ಹೇಳಿದ್ಯಲ್ಲ ಆಯಿ," ಅಂದಳು.

"ನಿನಗ ಹೇಳಿ ಏನ್ ಬಂತು? ಹೇಳಬೇಕಾದಾಂವ ಸತ್ತು ಮೂರು ವರ್ಷಾತು."

ಅವಳು ರಸ್ತೆ ನೋಡುತ್ತ ನಡೆಸಿದಳು. ನಾನು ಕಣ್ಣು ಮುಚ್ಚಿ, ಅವನ ಹಾಗೆ, ಕಿವಿಗೊಟ್ಟು ಕೂತೆ. ಯಾದಗಿರಿಯವರೆಗೂ ಇಂಜಿನ್ನು ಒಂದು ಸಲವೂ ಟಕಟಕ ಅನ್ನಲಿಲ್ಲ.