ನಿಂಬೆಹಣ್ಣು ತುಳಿಯದ ಗಾಡಿ

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ಹೊಸ ಕಾರು ತಂದರು. ನಮ್ಮ ಹಾಸನದಲ್ಲಿ ಹೊಸ ಕಾರೆಂದರೆ ಗೊತ್ತಲ್ಲ, ಮೊದಲು ಪೂಜೆ, ಆಮೇಲೆ ಪೆಟ್ರೋಲು. ಚಕ್ರದಡಿ ನಿಂಬೆಹಣ್ಣು ಪಚಕ್ಕೆಂದು ಸಿಡಿದು ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾಗರತ್ನಳ ಗಾಡಿ ನೆನಪಾಯಿತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಇಲ್ಲೇ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟರು. ಬೋರ್ಡಿನ ಮೇಲೆ ಗೇರ್‌ಬಾಕ್ಸ್ ಬರೆಯುವುದರಲ್ಲಿ ಶೂರ. ಸ್ವಂತ ಸ್ಕೂಟರು ಕೆಟ್ಟರೆ ತಳ್ಳಿಕೊಂಡು ಹೋಗುವವನು. ಇಂಥವನ ಹತ್ತಿರ ಬಂದು ಕೊನೇ ವರ್ಷದ ನಾಗರತ್ನ, ಅವಳ ಜೊತೆಗಾರ ಬಸವರಾಜು, "ಡ್ರೈವರ್ ಇಲ್ದೆ ಹೊಲದಲ್ಲಿ ತಾನೇ ಓಡೋ ಗಾಡಿ ಮಾಡ್ತೀವಿ ಸಾ" ಎಂದರು.

"ಡ್ರೈವರ್ ಇರೋ ಬಸ್ಸೇ ಅರಕಲಗೂಡು ಮುಟ್ಟೋದು ಕಷ್ಟ ಕಣಮ್ಮ," ಎಂದು ನಕ್ಕುಬಿಟ್ಟೆ.

ಮಾಡಿದರು ಮಾರಾಯರೆ! ಹಳೇ ಮೊಪೆಡ್ ಇಂಜಿನ್ನು, ಟಿಲ್ಲರ್ ಚಕ್ರ, ಹೊಟ್ಟೆಯಲ್ಲಿ ಯಾರೋ ಬಿಸಾಡಿದ ಕಂಪ್ಯೂಟರು. ಮೂತಿಯಲ್ಲೊಂದು ಕಣ್ಣು, ನಮಗೆ ಕೇಳದ ಸದ್ದು ಹೊರಡಿಸಿ, ಅದು ಬಡಿದು ವಾಪಸು ಬಂದರೆ ಮುಂದೇನೋ ಇದೆ ಎಂದು ತಿಳಿಯುವ ಕಣ್ಣು. ಗಾಡಿ ಮೊದಮೊದಲು ಬೇಲಿಗೆ ನುಗ್ಗಿತು, ಗುಂಡಿಗೆ ಬಿತ್ತು. ಬರಬರುತ್ತಾ ಬಂಡೆ, ಮರ ಕಂಡರೆ ತಿರುಗಿಕೊಳ್ಳಲು ಕಲಿಯಿತು. ಹಿಡಿಗಾತ್ರದ ಕಲ್ಲು ಮಾತ್ರ ಏನು ಮಾಡಿದರೂ ಕಾಣಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು "ಇದು ಕುರುಡು ಗಾಡಿ" ಎಂದು ಪಾಸು ಮಾಡದೆ, ಇನ್ನೊಂದೇ ಅವಕಾಶ ಕೊಟ್ಟು ಹೋದರು. ಅದೂ ತಪ್ಪಿದರೆ ಇಬ್ಬರಿಗೂ ವರ್ಷ ಮಣ್ಣುಪಾಲು; ನಾಗರತ್ನಳಿಗಂತೂ ಚನ್ನರಾಯಪಟ್ಟಣದಲ್ಲಿ ಗೊತ್ತಾಗಿದ್ದ ಕೆಲಸವೂ ಹೋಗುತ್ತಿತ್ತು.

ಇಬ್ಬರೂ ಹಗಲೂ ರಾತ್ರಿ ಕೂತು ಆ ಕಣ್ಣನ್ನು ನೆಲದ ಹತ್ತಿರಕ್ಕೆ ಇಳಿಸಿ ಕಟ್ಟಿದರು. ಎರಡನೆಯ ಪರೀಕ್ಷೆ ಹಳ್ಳಿಮೈಸೂರಿನಲ್ಲಿ, ಅವಳ ಮನೆಯವರದೇ ಹೊಲದಲ್ಲಿ. ರಾಗಿ ಕೊಯ್ದು ಬರೀ ಕೂಳೆ ಉಳಿದಿತ್ತು. ಅವಳ ಅವ್ವ ಗಾಡಿಗೆ ವಿಭೂತಿ ಬಳಿದು, ಕರ್ಪೂರ ಬೆಳಗಿದರು. ತಾನೇ ಓಡುವ ಗಾಡಿ, ಯಾವಾಗ ಮೈಮೇಲೆ ಬರುತ್ತದೋ ಎಂಬ ಭಯಕ್ಕೆ ಚಕ್ರದಡಿ ಕೈ ಹಾಕದೆ, ನಿಂಬೆಹಣ್ಣುಗಳನ್ನು ಒಂದು ಮೊಳ ಮುಂದಕ್ಕೇ ಇಟ್ಟು ಓಡಿಬಂದರು.

ಬಸವರಾಜು ಗುಂಡಿ ಒತ್ತಿದ. ಗಾಡಿ ಗುರ್ರೆಂದಿತು, ಒಂದು ಗೇಣು ಹೋಗಿ ನಿಂತಿತು. ಪರೀಕ್ಷಕರು ಕೈಗಡಿಯಾರ ನೋಡಿದರು.

"ಅಯ್ಯೋ, ನಿಂಬೆಹಣ್ ತುಳೀನಿಲ್ವಲ್ಲ, ಕೆಟ್ಟೋಯ್ತು ಕಣವ್ವಾ!" ಎಂದು ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅಷ್ಟರಲ್ಲಿ ಗಾಡಿ ಹಿಂದೆ ಸರಿಯಿತು. ಯೋಚಿಸುವವರ ಹಾಗೆ ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಮೂತಿ ತಿರುಗಿಸಿಕೊಂಡು, ನಿಂಬೆಹಣ್ಣುಗಳನ್ನು ಬಳಸಿಕೊಂಡು, ಕೂಳೆ ತುಳಿಯುತ್ತಾ, ಬದು ಹತ್ತಿ ಇಳಿದು ಹೊರಟೇಹೋಯಿತು! ಯಾರೂ ಮುಟ್ಟಿಲ್ಲ, ಯಾರೂ ಹೇಳಿಲ್ಲ.

"ಕೆಟ್ಟಿಲ್ಲ ಕಣವ್ವೋ, ಗಾಡಿಗೆ ಕಾಣ್ತು!" ಎಂದು ನಾಗರತ್ನ ಅಳುತ್ತಾ ಕೂಗಿದಳು. "ನಿಂಬೆಹಣ್ ಕಾಣ್ತು ಕಣವ್ವೋ!"

ಪರೀಕ್ಷಕರು ಅದರಲ್ಲೊಂದು ಹಣ್ಣು ಎತ್ತಿಕೊಂಡು ಓಡಿ, ತಾವೇ ಗಾಡಿಯ ದಾರಿಗೆ ಇಟ್ಟರು. ಗಾಡಿ ಮತ್ತೆ ಬಳಸಿಕೊಂಡು ಹೋಯಿತು. ಮತ್ತೆ ಇಟ್ಟರು. ಅಷ್ಟು ದೊಡ್ಡ ಮನುಷ್ಯರು ಕೂಳೆಯಲ್ಲಿ ಪಂಚೆ ಎತ್ತಿಕಟ್ಟಿಕೊಂಡು ಮಕ್ಕಳಂತೆ ಓಡಾಡಿದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ. ಪಾಸು ಮಾಡಿ ಹೊರಡುವಾಗ ಆ ಹಣ್ಣನ್ನು ಜೇಬಿಗೆ ಹಾಕಿಕೊಂಡು ಹೋದರು.

ಇವತ್ತು ಪಕ್ಕದ ಮನೆಯ ಕಾರು ನಾಲ್ಕೂ ಹಣ್ಣು ಅರೆದು ಮುಂದೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ.

"ಪಾಪ, ಕಾಣಿಸ್ಲಿಲ್ಲ," ಎಂದೆ.

"ಯಾರಿಗೆ ಸಾ?" ಎಂದರು ಪಕ್ಕದವರು.

ನಾನು ಕಾರಿನ ಕಡೆ ಕೈ ತೋರಿಸಿದೆ.