ಭಂಡಾರದಲ್ಲಿ ಮೂಡಿದ ಕೈ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಧಾರವಾಡದಲ್ಲಿ ಚಿತ್ರ ಸಂರಕ್ಷಕನಾಗಿದ್ದೆ. ಹಳೆಯ ಚಿತ್ರಗಳ ಬೂಷ್ಟು, ಮಸಿ, ಬಿರುಕು ಸರಿಪಡಿಸುವುದು ನನ್ನ ಕೆಲಸ. ಸುಳ್ಳೇಕೆ ಹೇಳಲಿ, ಕೈಚಳಕದ ಬಗ್ಗೆ ಸೊಕ್ಕೂ ಇತ್ತು.

ಆ ಮಳೆಗಾಲ ಯಲ್ಲಮ್ಮನ ಗುಡ್ಡದ ಬಳಿಯ ಉಗರಗೋಳದಿಂದ ಕರೆ ಬಂತು. ಚಿತ್ರಕಾರ ಮಲ್ಲಪ್ಪ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅವರ ಕೊನೆಯ ಮಿಕ್ಸೆಡ್ ಮೀಡಿಯಾ ಕೃತಿ ಪ್ರದರ್ಶನಕ್ಕೆ ಹೋಗಬೇಕಿತ್ತು. ಹಲಗೆಗೆ ಗೋಣಿತಟ್ಟು ಅಂಟಿಸಿ, ಜೋಳದ ಹೊಟ್ಟು ಮೆತ್ತಿ, ಮೇಲೆ ಯಲ್ಲಮ್ಮನ ಗುಡ್ಡದ ಭಂಡಾರವನ್ನು, ಅಂದರೆ ಅರಿಶಿನಪುಡಿಯನ್ನು, ಅಂಟಿನಲ್ಲಿ ಕಲಸಿ ಬಳಿದಿದ್ದರು.

ಹೋಗಿ ನೋಡಿದರೆ ಚಿತ್ರದ ಮುಖವನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದರು. ಮಲ್ಲಪ್ಪನವರ ಹೆಂಡತಿ ಶಾಂತವ್ವ ಆ ಕೋಣೆಯ ಹೊಸ್ತಿಲಾಚೆಯೇ ನಿಂತರು.

"ಮಳಿ ಹಿಡದಾಗಿಂದ ದಿನಕ್ಕೊಂದು ಬೆರಳು ಹೊರಗ ಬರಾಕ ಹತ್ತೈತ್ರಿ ಸರ. ನಾ ಆ ಖೋಲ್ಯಾಗ ಕಾಲಿಡಂಗಿಲ್ಲ. ಅಳಿಸಿಬಿಡ್ರಿ, ಇಲ್ಲಂದ್ರ ಹೊಳಿಗೆ ಬಿಟ್ಟ ಬರತೇನಿ."

ತಿರುಗಿಸಿದೆ. ಹಳದಿಯ ನಡುವೆ ರಕ್ತಗೆಂಪು ಎಡಗೈ. ಒಳಗಿನಿಂದ ಯಾರೋ ಹಲಗೆ ನೂಕುತ್ತಿದ್ದಂತೆ ಐದೂ ಬೆರಳು ಅಗಲಿಸಿತ್ತು. ಹಾಡುಹಗಲಾದರೂ ಒಂದು ಹೆಜ್ಜೆ ಹಿಂದೆ ಸರಿದೆ.

ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪು, ಹುಳಿ ತಾಗಿದರೆ ಮತ್ತೆ ಹಳದಿ. ಇಷ್ಟು ಬಲ್ಲವನು ಸುಣ್ಣ ಎಲ್ಲಿಂದ ಬಂತೆಂದು ಕೇಳಬೇಕಿತ್ತು. ಕೇಳಲಿಲ್ಲ. ನೀರು ಬೆರೆಸಿದ ವಿನೆಗರ್‌ನಲ್ಲಿ ಹತ್ತಿ ಅದ್ದಿ ಹೆಬ್ಬೆರಳು ಒರೆಸಿದೆ, ಹೋಯಿತು. ತೋರುಬೆರಳು, ನಡುಬೆರಳೂ ಹೋದವು. ಮುಂದಿನದಕ್ಕೆ ಕೈಹಾಕುವಾಗ ಪಕ್ಕದ ಕಿರುಬೆರಳು ಕಂಡಿತು. ಅದಕ್ಕೆ ತುದಿಯ ಗೆಣ್ಣೇ ಇರಲಿಲ್ಲ.

"ಮಲ್ಲಪ್ಪನವರ ಕಿರುಬೆರಳಿಗೆ ಏನರ ಆಗಿತ್ತೇನ್ರಿ?"

"ಸಣ್ಣವರಿದ್ದಾಗ ಕಬ್ಬಿನ ಗಾಣದಾಗ ಹೋಗಿತ್ರಿ. ಯಾಕ್ರಿ?"

ಕಿಟಕಿಯಲ್ಲಿ ಮಲ್ಲಪ್ಪನವರ ತಂಬಾಕಿನ ಚೀಲ, ಸುಣ್ಣದ ಡಬ್ಬಿ ಹಾಗೇ ಇದ್ದವು. ಕೇಳುತ್ತಾ ಹೋದಂತೆ ತಿಳಿಯಿತು. ದಿನವಿಡೀ ಎಡ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕುವ ಮನುಷ್ಯ, ಅದೇ ಕೈಯನ್ನು ಹಲಗೆಯ ಗೋಣಿಯ ಮೇಲೆ ಒಂದೇ ಜಾಗಕ್ಕೆ ಊರಿಕೊಂಡು ಬಲಗೈಯಲ್ಲಿ ಕೆಲಸ ಮಾಡುತ್ತಿದ್ದರು. ಗೋಣಿಯಲ್ಲಿ ಉಳಿದ ಸುಣ್ಣ ಮಳೆಯ ತೇವಕ್ಕೆ ಎದ್ದು ಭಂಡಾರವನ್ನು ತಾಗಿತ್ತು.

ಇದನ್ನು ಹೇಳಿದಾಗ ಶಾಂತವ್ವ ಹೊಸ್ತಿಲು ದಾಟಿ ಬಂದರು. ಉಳಿದ ಕೆಂಪು ಅಂಗೈಯ ಮೇಲೆ ತಮ್ಮ ಅಂಗೈ ಇಟ್ಟರು.

"ಹಂಗಾರ ಇದು ಅವರ ಕೈ ಏನ್ರಿ? ಮತ್ತ ನೀವು ಒರಿಸಿದ್ದು?"

ನಾಚಿಕೆಯಿಂದ ಹತ್ತಿಯನ್ನು ಜೇಬಿಗೆ ತುರುಕಿಕೊಂಡೆ. ಶಾಂತವ್ವ ಆ ಚಿತ್ರವನ್ನು ಪ್ರದರ್ಶನಕ್ಕೆ ಕಳಿಸಲಿಲ್ಲ.

ಅಂದಿನಿಂದ ಏನನ್ನೇ ಒರೆಸುವ ಮೊದಲು ಇದು ಯಾರದೆಂದು ಮನೆಯವರನ್ನು ಕೇಳುತ್ತೇನೆ. ಇಡೀ ಸರ್ವಿಸ್ ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ.

ಮರುವರ್ಷ ಮಳೆ ಹಿಡಿದಾಗ ಶಾಂತವ್ವನ ಫೋನ್ ಬಂತು.

"ಸರ, ಎರಡು ಬೆರಳು ತಿರುಗಿ ಬಂದಾವ್ರಿ. ಹೆಬ್ಬಟ್ಟು ಇನ್ನೂ ಬಂದಿಲ್ಲ. ನಾ ದಿನಾ ಅದರ ಮುಂದನ ಕುಂತಿರತೇನಿ."