ಕಮಲಾಪುರದ ಕಮಾನು

ಮೊನ್ನೆ ನಮ್ಮ ಕಸರತ್ತಿನ ಗೋದಾಮಿಗೆ ಸುವರ್ಣಾ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದಿದ್ದಳು. ಅವಳು ಹೊಸದಾಗಿ ಸೇರಿದವಳು, ತವರು ಕಮಲಾಪುರ. ಆ ಊರಿನ ಹಣ್ಣನ್ನು ನೀವು ತಿಂದಿದ್ದರೆ ಸರಿ. ತಿಂದಿಲ್ಲವಾದರೆ ಇಷ್ಟು ತಿಳಿದುಕೊಳ್ಳಿ: ನೀವು ಸಿಪ್ಪೆಗೆ ಕೈ ಹಚ್ಚುವ ಮೊದಲೇ ಅದರ ವಾಸನೆ ಪಕ್ಕದ ಮನೆಗೆ ಹೋಗಿ ಬಂದಿರುತ್ತದೆ. ಹೆಂಗಸರೆಲ್ಲ ಕೈ ಒಡ್ಡಿದರು. ನಾನೊಬ್ಬಳು ಕೈ ಹಿಂದೆ ಕಟ್ಟಿಕೊಂಡು ನಿಂತೆ.

"ಯಾಕ್ರೀ ಮೇಡಂ, ಸಕ್ಕರಿ ಬ್ಯಾನಿ ಅದ ಏನು?" ಅಂತ ಸುವರ್ಣಾ ಕೇಳಿದಳು.

"ಇಲ್ಲ. ಸಿಟ್ಟು ಅದ."

"ಹಣ್ಣಿನ ಮ್ಯಾಲ?"

"ಹೂಂ, ಹಣ್ಣಿನ ಮ್ಯಾಲ."

ನೀವೂ ಈಗ ಸುವರ್ಣಾಳ ಹಾಗೆ ನನ್ನ ಮುಖ ನೋಡುತ್ತಿರಬಹುದು. ನೋಡಿ, ಪರವಾಗಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಸಿಟ್ಟು ನನಗೆ ಕಸುಬಿನ ಜೊತೆಗೇ ಬಂದದ್ದು, ಸಾಮಾನ್ಯವಾಗಿ ಮುಂದಿನ ಗಂಟೆ ಹೊಡೆಯುವಷ್ಟರಲ್ಲಿ ಇಳಿದೂ ಹೋಗುತ್ತದೆ. ಈ ಬಾಳೆಹಣ್ಣಿನ ಸಿಟ್ಟು ಮಾತ್ರ ಎರಡು ವರ್ಷವಾದರೂ ಇಳಿದಿಲ್ಲ. ಇಳಿಸಬೇಕೆಂಬ ಮನಸ್ಸೂ ನನಗೆ ಬಂದಿಲ್ಲ.

ಮೊದಲು ಗೋದಾಮಿನ ವಿಷಯ ಹೇಳಬೇಕು. ಕಲಬುರಗಿಯ ನೆಹರು ಗಂಜು ಮಾರುಕಟ್ಟೆಯ ಒಂದು ಓಣಿಯಲ್ಲಿ ಹಿಂದೆ ತೊಗರಿಬೇಳೆ ಚೀಲ ಒಟ್ಟುತ್ತಿದ್ದ ತಗಡಿನ ಗೋದಾಮು ಅದು. ಒಬ್ಬ ಮನುಷ್ಯ ಅದನ್ನು ಬಾಡಿಗೆಗೆ ಹಿಡಿದು, ಗೋಡೆಗೆ ಕರಿ ಬಣ್ಣ ಬಳಿಸಿ, ಟ್ರ್ಯಾಕ್ಟರಿನ ಹಳೆಯ ಟೈರು, ದಪ್ಪ ಹಗ್ಗ, ಮರಳಿನ ಚೀಲ, ಕಬ್ಬಿಣದ ಸರಳು ತಂದು ಹಾಕಿ ಕ್ರಾಸ್‌ಫಿಟ್ ಅಂತ ಬೋರ್ಡು ಬರೆಸಿದ. ಟೈರು ಮಗುಚಿ ಹಾಕುವುದು, ಚೀಲ ತಲೆಯ ಮೇಲೆತ್ತುವುದು, ಪೆಟ್ಟಿಗೆ ಹತ್ತಿ ಜಿಗಿಯುವುದು, ನಡುನಡುವೆ ಬಸ್ಕಿ. ಮಕ್ಕಳಿಗೆ ವರ್ಷಗಟ್ಟಲೆ ಬಸ್ಕಿ ಹೊಡೆಸಿದ ಪಾಪವನ್ನು ನಾನು ಅಲ್ಲಿ ಬಡ್ಡಿಸಮೇತ ತೀರಿಸಿದೆ. ಮೊಣಕಾಲು ನೋವಿಗೆ ಡಾಕ್ಟರು ತೊಡೆ ಗಟ್ಟಿ ಮಾಡಿಕೊಳ್ಳಿ ಅಂದದ್ದಕ್ಕೆ ಹೋದವಳು ನಾನು. ನನ್ನ ಯಜಮಾನರಿಗೆ ಇದೊಂದು ದೊಡ್ಡ ತಮಾಷೆಯಾಗಿತ್ತು. "ಗಂಜಿನಾಗ ಚೀಲ ಎತ್ತಿದ್ರ ಹಮಾಲರಿಗೆ ರೊಕ್ಕಾ ಕೊಡ್ತಾರ. ನೀ ರೊಕ್ಕಾ ಕೊಟ್ಟು ಚೀಲ ಎತ್ಲಾಕತ್ತಿ" ಅಂತ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು.

ಹೆಂಗಸರಿಗೆ ಕಲಿಸುತ್ತಿದ್ದವಳು ರೆಹಾನಾ. ಅವಳ ತಂದೆಯದು ಮೋಮಿನಪುರದಲ್ಲಿ ಟ್ರಂಕು ಮಾಡುವ ಅಂಗಡಿ. ಚಿಕ್ಕಂದಿನಿಂದ ತಗಡು ಹೊತ್ತು ಬೆಳೆದ ಹುಡುಗಿ, ಮಾತು ಕಡಿಮೆ, ತಪ್ಪು ಹಿಡಿಯುವುದು ಜಾಸ್ತಿ. ನೀವು ಸತ್ತುಹೋಗುವಂತೆ ಏದುಸಿರು ಬಿಡುತ್ತಾ ಚೀಲ ಎತ್ತಿ ನಿಂತಿದ್ದರೂ ಅವಳು ಶಹಬ್ಬಾಸ್ ಅನ್ನುವವಳಲ್ಲ. ಸುತ್ತು ಹಾಕಿ ನೋಡಿ, "ಅಕ್ಕಾ, ಮೊಣಕೈ ಸೀದಾ" ಅಂತಾಳೆ, ಅಷ್ಟೇ. ಗಣಿತದ ಮೇಡಮ್ಮಿಗೆ ತಪ್ಪು ಹೇಳುವವರು ಊರಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ನನಗೆ ಅವಳ ಮೇಲೆ ಬೇಗ ಪ್ರೀತಿ ಹುಟ್ಟಿತು.

ನಮ್ಮದು ಮುಂಜಾನೆ ಆರರ ತಾಸು. ಒಂದು ಮಾರ್ಚಿನಲ್ಲಿ ಕ್ರಾಸ್‌ಫಿಟ್ಟಿನ ಮಾಲೀಕ ಅದನ್ನು ಕಿತ್ತು ಗಂಡಸರಿಗೆ ಕೊಟ್ಟು, ನಮ್ಮನ್ನು ಮಧ್ಯಾಹ್ನ ಮೂರಕ್ಕೆ ಹಾಕಿದ. ಕಲಬುರಗಿಯಲ್ಲಿ, ಬೇಸಿಗೆಯಲ್ಲಿ, ಮಧ್ಯಾಹ್ನ ಮೂರಕ್ಕೆ, ತಗಡಿನ ಕೆಳಗೆ. ಈ ನಾಲ್ಕು ಮಾತು ಒಟ್ಟಿಗೆ ಕೇಳಿದರೆ ನಮ್ಮ ಊರಿನವರು ಸುಮ್ಮನೆ ಕುಳಿತಲ್ಲೇ ನೀರು ಕೇಳುತ್ತಾರೆ. ಕಬ್ಬಿಣದ ಸರಳನ್ನು ಬಟ್ಟೆ ಸುತ್ತಿ ಹಿಡಿಯಬೇಕಾಗುತ್ತಿತ್ತು. ಶಾಲೆಯಿದ್ದ ದಿನ ನನಗೆ ಹೋಗಲಿಕ್ಕೇ ಆಗುತ್ತಿರಲಿಲ್ಲ. ಇಪ್ಪತ್ತು ಜನ ಇದ್ದವರು ದೀಪಾವಳಿ ಹೊತ್ತಿಗೆ ಏಳೆಂಟಾದರು. ಅದನ್ನೇ ತೋರಿಸಿ ಮಾಲೀಕ, "ನೋಡ್ರಿ, ಹೆಣ್ಮಕ್ಕಳು ಎರಡು ದಿನ ಬರ್ತಾರ, ಮೂರನೇ ದಿನ ಉಪವಾಸ ಅಂತಾರ. ಗಂಡಸ್ರು ಸೀರಿಯಸ್ ಇರ್ತಾರ್ರಿ" ಅಂದ. ಕಾಲು ಮುರಿದವನೇ ಕುಂಟ ಅಂತ ಕರೆದ ಹಾಗೆ.

ಹೊರಗಿನ ಗೋಡೆಗೆ ಒಂದು ಪೋಸ್ಟರು ಹಚ್ಚಿದ್ದರು. ಕಮಲಾಪುರದವರೆಗೆ ಇಪ್ಪತ್ತೊಂದು ಕಿಲೋಮೀಟರ್ ಓಟ, ಮುಗಿಸಿದವರಿಗೆಲ್ಲ ಪದಕ. ರೆಹಾನಾ ಮಾಲೀಕನಿಗೆ ಅದರ ಕಡೆ ಕೈ ತೋರಿಸಿ, "ನಾನೂ ಅಕ್ಕನೂ ಇದನ್ನ ಮುಗಿಸಿ ಬಂದ್ರ ನಮ್ಮ ಮುಂಜಾನಿ ತಾಸು ನಮಗ ಕೊಡ್ತೀರೇನು?" ಅಂದಳು. ನನ್ನನ್ನು ಯಾರೂ ಕೇಳಲಿಲ್ಲ, ಗಮನಿಸಿ. ಮಾಲೀಕ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಧೈರ್ಯ ಬಂದು, "ಇಬ್ರೂ ಮುಗಿಸ್ಬೇಕು ಮತ್ತ. ಪದಕ ತಂದು ತೋರಿಸ್ರಿ, ಕೊಟ್ಟೆ" ಅಂದ. ಆ ನೋಟ ನೋಡಿಯೇ ನಾನು ಒಪ್ಪಿದೆ.

ಓಡುವುದು ನನಗೆ ಗೊತ್ತಿರಲಿಲ್ಲ. ಬಸ್ಸಿಗೂ ಓಡಿದವಳಲ್ಲ, ಮುಂದಿನ ಬಸ್ಸು ಬರುತ್ತದೆ ಅನ್ನುವವಳು. ದಿನಾ ಓಡುವ ನಮ್ಮ ಓಣಿಯ ರಿಟೈರಾದ ಹಿರಿಯರೊಬ್ಬರು ನಮ್ಮ ತಯಾರಿ ಕೇಳಿ ನಕ್ಕರು. "ಮೇಡಂ, ಈಜು ಕಲ್ಯಾಕ ಬಾವಿಗೆ ಇಳೀಬೇಕೋ, ಮಂಚದ ಮ್ಯಾಲ ಕೈಕಾಲು ಬಡೀಬೇಕೋ?" ಅಂದರು. ನಾನು ಅದನ್ನು ರೆಹಾನಾಳಿಗೆ ಹೇಳಿದರೆ ಅವಳು, "ಡರೋ ನಕ್ಕೋ ಅಕ್ಕಾ, ಹೆದರಬ್ಯಾಡ್ರಿ. ಕಾಲು ಗಟ್ಟಿ, ಉಸಿರು ಗಟ್ಟಿ. ಓಟದಾಗ ಇನ್ನೇನ ಅದ?" ಅಂದಳು. ಹಾಗಾಗಿ ನಾವು ಟೈರು ಮಗುಚಿದೆವು, ಚೀಲ ಎತ್ತಿದೆವು, ನಡುವೆ ಗೋದಾಮಿನ ಸುತ್ತ ಒಂದೊಂದು ಸುತ್ತು ಓಡಿದೆವು. ಕಮಲಾಪುರ ಆ ಗೋದಾಮಿಗಿಂತ ದೂರ ಅಂತ ನನ್ನ ಗಣಿತಕ್ಕೆ ಯಾಕೆ ಹೊಳೆಯಲಿಲ್ಲವೋ.

ಡಿಸೆಂಬರಿನ ಒಂದು ಭಾನುವಾರ ನಸುಕಿನಲ್ಲಿ ನಮ್ಮನ್ನೆಲ್ಲ ಬಸ್ಸಿನಲ್ಲಿ ಹೇರಿಕೊಂಡು ಹೋಗಿ ಹುಮನಾಬಾದ ರಸ್ತೆಯ ಒಂದು ಕ್ರಾಸಿನಲ್ಲಿ ಇಳಿಸಿದರು. ಎರಡೂ ಕಡೆ ತೊಗರಿ ಹೊಲ, ಚಳಿ. ಹತ್ತೂವರೆ ತನಕ ಟೈಮು ಇದೆ ಅಂತ ಮೈಕಿನಲ್ಲಿ ಎರಡೆರಡು ಸಲ ಹೇಳಿದರು. ಇದನ್ನು ನೆನಪಿಟ್ಟುಕೊಳ್ಳಿ.

ಮೊದಲ ಅರ್ಧ ಚೆನ್ನಾಗಿಯೇ ಹೋಯಿತು. ಕಷ್ಟ ಕೊಟ್ಟವರು ನಮ್ಮ ಜನ. ನಮ್ಮ ಕಡೆ ಒಬ್ಬ ಹೆಂಗಸು ರಸ್ತೆಯಲ್ಲಿ ಓಡುತ್ತಿದ್ದಾಳೆ ಅಂದರೆ ಏನೋ ಕೆಟ್ಟದ್ದಾಗಿದೆ ಅಂತಲೇ ಅರ್ಥ. ಟಂಟಂ ಆಟೋ ನಿಲ್ಲಿಸಿ, "ಬಾಯಾರ, ಬಸ್ ತಪ್ಪೇದ ಏನು? ಕೂಡ್ರಿ" ಅಂದವನೊಬ್ಬ. ಮೋಟಾರ್‌ಸೈಕಲ್ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಬಂದವನು, "ದವಾಖಾನಿಗೇನ್ರಿ?" ಅಂತ ಕೇಳಿ, ಹೆಂಡತಿಗೆ ಇಳಿದು ಜಾಗ ಕೊಡು ಅಂದ. ಇಲ್ಲಪ್ಪ, ಸುಮ್ಮನೆ ಓಡ್ಲಾಕತ್ತೀವಿ ಅಂದರೆ, "ಸುಮ್ಮನ ಯಾಕ್ರಿ?" ಅಂತ ಬಹಳ ಹೊತ್ತು ನಮ್ಮ ಪಕ್ಕದಲ್ಲೇ ಗಾಡಿ ಬಿಟ್ಟುಕೊಂಡು ಬಂದ. ಇಂಥ ಒಳ್ಳೆಯ ಜನರ ಮೇಲೆ ಸಿಟ್ಟಾಗುವುದು ಹೇಗೆ? ಆದೆ, ಆದರೂ ಆದೆ. ಉತ್ತರ ಕೊಡಲು ಉಸಿರು ಬೇಕಲ್ಲ.

ಅರ್ಧ ದಾಟಿದ ಮೇಲೆ ಮಂಚದ ಮೇಲೆ ಈಜು ಕಲಿತದ್ದು ತಿಳಿಯತೊಡಗಿತು. ತೊಡೆ ಗಟ್ಟಿ ಇದ್ದವು, ಸುಳ್ಳಲ್ಲ. ಪಾದ, ಮೀನಖಂಡ ಇವೆಲ್ಲ ಬೇರೆ ಯಾರವೋ ಅನ್ನಿಸಹತ್ತಿತು. ನನಗಿಂತ ಕೆಟ್ಟದಾದದ್ದು ರೆಹಾನಾಳಿಗೆ. ನನಗಿಂತ ಎರಡು ಪಾಲು ಭಾರ ಎತ್ತುವ ಹುಡುಗಿ ಒಂದು ಏರಿನಲ್ಲಿ ಕಾಲು ಹಿಡಿದುಕೊಂಡು ರಸ್ತೆಯ ಬದಿಗೆ ಕುಳಿತುಬಿಟ್ಟಳು. ಮೀನಖಂಡ ಕಲ್ಲಾಗಿತ್ತು. ನಾನು ತಿಕ್ಕಿದೆ, ಅವಳು ಎದ್ದಳು, ಹತ್ತು ಹೆಜ್ಜೆಗೆ ಮತ್ತೆ ಹಿಡಿಯಿತು.

"ನೀವ್ ನಡೀರಿ ಅಕ್ಕಾ. ನಾ ಬರ್ತೀನಿ."

"ಬರ್ತೀ ಅಲ್ಲ?"

"ಬರ್ತೀನಿ ಅಂದೆನಲ್ಲ. ಟೈಮ್ ಅದ. ನಡೀರಿ."

ನಡೆದೆ. ಓಡಿದೆ, ನಡೆದೆ, ಮತ್ತೆ ಓಡಿದೆ. ಊರು ಕಾಣಿಸತೊಡಗಿದಾಗ ಮೈಕಿನ ದನಿ ಹೊಲದ ಮೇಲಿಂದ ತೇಲಿ ಬಂತು. ಮೊದಲಿಗೆ ಖುಷಿಯಾಯಿತು. ಆಮೇಲೆ ಮಾತು ಕೇಳಿಸಿತು. "ಎಲ್ಲಾ ಓಟಗಾರರೂ ಬಂದು ಮುಟ್ಟಿದ್ದಾರೆ. ಓಟ ಯಶಸ್ವಿಯಾಗಿ ಮುಕ್ತಾಯವಾಗಿದೆ. ಸಹಕರಿಸಿದ ಎಲ್ಲರಿಗೂ ಧನ್ಯವಾದಗಳು."

ಎಲ್ಲರೂ ಬಂದು ಮುಟ್ಟಿದರೆ ನಾನು ಯಾರು? ಈ ರಸ್ತೆಯ ಮೇಲೆ ಬೆವರು ಸುರಿಸುತ್ತಾ ಹೊರಟಿರುವ ಈ ಹೆಂಗಸು ಯಾರು? ಹಿಂದೆ ಕುಂಟುತ್ತಾ ಬರುತ್ತಿರುವವಳು ಯಾರು? ಕೈಗಡಿಯಾರ ನೋಡಿಕೊಂಡೆ, ಹತ್ತು ಗಂಟೆ ಕೂಡ ಆಗಿರಲಿಲ್ಲ. ನಾನು ಹಾಜರಿ ಕರೆಯುವವಳು. ತರಗತಿಯಲ್ಲಿ ಕುಳಿತ ಮಗುವನ್ನು ಒಂದು ದಿನವೂ ಗೈರುಹಾಜರು ಅಂತ ಬರೆದವಳಲ್ಲ. ಆ ದಿನ ನನ್ನ ಕಾಲನ್ನು ಕಮಲಾಪುರಕ್ಕೆ ಒಯ್ದದ್ದು ಟೈರೂ ಅಲ್ಲ, ಚೀಲವೂ ಅಲ್ಲ. ಸಿಟ್ಟು.

ಮೈದಾನಕ್ಕೆ ಬಂದು ನೋಡಿದರೆ ಕುರ್ಚಿ ಮಡಚುತ್ತಿದ್ದಾರೆ. ಬಟ್ಟೆ ಸುತ್ತಿದ ಕಮಾನಿನ ಒಂದು ಕಂಬವನ್ನು ಕಿತ್ತು ನೆಲಕ್ಕೆ ಒರಗಿಸಿದ್ದಾರೆ. ಓಟದ ಹೆಸರಿನ ಬ್ಯಾನರು ಬಿಚ್ಚಿದ್ದರಿಂದ ಅದರ ಹಿಂದಿದ್ದ 'ಶುಭವಿವಾಹ' ಕಾಣಿಸುತ್ತಿದೆ. ಮತ್ತು ಒಂದು ಕುರ್ಚಿಯ ಮೇಲೆ, ನನ್ನನ್ನು ಕರೆದೊಯ್ಯಲು ಬಂದ ಯಜಮಾನರು ಕುಳಿತಿದ್ದಾರೆ, ಕೈಯಲ್ಲಿ ಕೆಂಪು ಬಾಳೆಹಣ್ಣು.

"ನಾ ಹೇಳ್ದೆ ಇವ್ರಿಗೆ" ಅಂದರು ನನ್ನನ್ನು ಕಂಡು, ಎದ್ದು ನಿಂತು. "ನನ್ನ ಹೆಂಡ್ತಿ ಇನ್ನಾ ಬರಬೇಕು ಅಂತ ಹೇಳ್ದೆ."

"ಮತ್ತ?"

"ಹಣ್ಣು ಕೊಟ್ರು."

ಈಗ ತಿಳಿಯಿತೇ ನನ್ನ ಸಿಟ್ಟಿನ ಮೂಲ? ಅಗ್ನಿಸಾಕ್ಷಿಯಾಗಿ ಕೈಹಿಡಿದವರು ಎರಡು ಬಾಳೆಹಣ್ಣಿಗೆ ಬಾಯಿ ಮುಚ್ಚಿಕೊಂಡು ಕುಳಿತಿದ್ದರು. ಎರಡು, ಯಾಕೆಂದರೆ ಪಕ್ಕದಲ್ಲಿ ಒಂದು ಸಿಪ್ಪೆ ಆಗಲೇ ಬಿದ್ದಿತ್ತು.

ಮೈಕಿನ ಮನುಷ್ಯ ಕೊರಳಲ್ಲಿ ಶಾಲು ಹಾಕಿಕೊಂಡೇ ಬಂದ. "ಮೇಡಂ, ಮುಖ್ಯ ಅತಿಥಿಗಳಿಗೆ ಬ್ಯಾರೆ ಪ್ರೋಗ್ರಾಂ ಇತ್ತು, ಲಗೂ ಮುಗಿಸಿದ್ವಿ. ನೀವು ಬಂದ್ರಿ, ಆತು, ಪದಕ ತಗೋರಿ."

"ಹಿಂದ ಒಬ್ಬಾಕಿ ಬರ್ಲಾಕತ್ತಾಳ."

"ಗಾಡಿ ಕಳಸ್ತೀವ್ರಿ, ಕೂಡಿಸ್ಕೊಂಡು ಬರ್ತಾರ."

"ಗಾಡ್ಯಾಗ ಅಲ್ಲ. ಕಾಲಾಗ ಬರ್ತಾಳ. ಹತ್ತೂವರಿ ತನಕ ಟೈಮ್ ಅದ ಅಂದವ್ರು ನೀವೇ."

ಟೆಂಟಿನವರ ಪೈಕಿ ಒಬ್ಬ ಮುದುಕ ಮೆಲ್ಲಗೆ, "ಬಾಯಾರ, ಕೆಟ್ಟ ಅನ್ಕೋಬ್ಯಾಡ್ರಿ. ಮಧ್ಯಾಹ್ನ ತಾಜಸುಲ್ತಾನಪುರದಾಗ ಲಗ್ನ ಅದ. ಇದೇ ಕಮಾನ್ ಹೋಗಬೇಕು" ಅಂದ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಅತಿಥಿಗೆ ಅವಸರ, ಮದುವೆಗೆ ಅವಸರ, ಬರೆ ಮಾತ್ರ ಓಡಿ ಬಂದ ಹೆಂಗಸರಿಗೆ.

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಮಾತೂ ಬರುತ್ತದೆ, ಜಗಳವೂ ಬರುತ್ತದೆ, ಆ ಹೊತ್ತಿಗೆ ಎರಡಕ್ಕೂ ಉಸಿರಿರಲಿಲ್ಲ. ಬಾಗಿ ಆ ಬಿದ್ದ ಕಂಬದ ಕೆಳಗೆ ಕೈ ಕೊಟ್ಟೆ. ಸೊಂಟ ಕೆಳಗೆ, ಬೆನ್ನು ನೇರ, ತೊಡೆಯಿಂದ ಎತ್ತು. ಓಟಕ್ಕೆ ಬಾರದ ನನ್ನ ತೊಡೆಗಳು ಇದಕ್ಕೆ ಬಂದವು. ಕಂಬ ಎದ್ದು ನಿಂತಿತು, ಮೇಲೆ ಬಟ್ಟೆ ಗಾಳಿಗೆ ಜಗ್ಗುತ್ತಿತ್ತು, ನಾನು ಎರಡೂ ಕೈಯಿಂದ ಅದನ್ನು ತಲೆಯ ಮೇಲೆ ಒತ್ತಿ ಹಿಡಿದು ನಿಂತೆ. ಯಜಮಾನರು ಹಣ್ಣು ಕೆಳಗಿಟ್ಟು ಓಡಿ ಬಂದರು. "ಕೈ ಹಚ್ಚಬ್ಯಾಡ್ರಿ" ಅಂದೆ. ಹಚ್ಚಲಿಲ್ಲ. ಆಮೇಲೆ ಮೈಕಿನವನಿಗೆ ನನ್ನ ತರಗತಿಯ ದನಿಯಲ್ಲಿ, "ಹೇಳ್ರಿ ಮೈಕಿನಾಗ. ಇನ್ನಾ ಓಟ ಮುಗಿದಿಲ್ಲ ಅಂತ ಹೇಳ್ರಿ" ಅಂದೆ.

ಪಾಪ, ಹೇಳಿದ. ಅವನೂ ಎಲ್ಲೋ ಗಣಿತ ಕಲಿತವನೇ ಇರಬೇಕು.

ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಮೊಣಕೈ ಬಾಗಹತ್ತಿದವು. ಕುರ್ಚಿ ಮಡಚುವವರು ಮಡಚುವುದು ಬಿಟ್ಟು ರಸ್ತೆಯ ಕಡೆ ನೋಡುತ್ತಾ ನಿಂತರು. ಕೊನೆಗೆ ಅವಳು ಕಾಣಿಸಿಕೊಂಡಳು, ಒಂದು ಕಾಲು ಎಳೆಯುತ್ತಾ, ಪಕ್ಕದಲ್ಲಿ ನಿಧಾನಕ್ಕೆ ಒಂದು ಟಂಟಂ. ಕೂಡು ಕೂಡು ಅಂತ ಅವನು ಕರೆಯುತ್ತಿದ್ದಾನೆ, ಅವಳು ಬೇಡ ಅಂತ ಕೈ ಆಡಿಸುತ್ತಿದ್ದಾಳೆ. ಮೈದಾನ ದಾಟಿ, ಸುಣ್ಣದ ಗೆರೆ ದಾಟಿ, ನನ್ನ ಹತ್ತಿರ ಬಂದು ನಿಂತು, ಕಂಬ ನೋಡಿದಳು, ನನ್ನನ್ನು ನೋಡಿದಳು. ನನಗೆ ಅಳು ಬಂದಿತ್ತು.

"ಅಕ್ಕಾ, ಮೊಣಕೈ ಸೀದಾ" ಅಂದಳು.

ಆಮೇಲೆ ಕಂಬಕ್ಕೆ ತನ್ನ ಹೆಗಲು ಕೊಟ್ಟು, "ನೀವು ಗೆರಿ ದಾಟೀರೇನು?" ಅಂತ ಕೇಳಿದಳು. ದಾಟಿರಲಿಲ್ಲ. ಬದಿಯಿಂದ ಬಂದು ಜಗಳಕ್ಕೇ ನಿಂತವಳು ನಾನು, ದಾಟುವುದೇ ಮರೆತಿದ್ದೆ. ಅವಳು ಕಮಾನು ಹಿಡಿದು ನಿಂತಳು. ನಾನು ಹಿಂದೆ ಹೋಗಿ, ತಿರುಗಿ, ಶುಭವಿವಾಹದ ಕೆಳಗೆ ಓಡುತ್ತಾ ಒಳಗೆ ಬಂದೆ. ಟೆಂಟಿನ ಮುದುಕ ಚಪ್ಪಾಳೆ ತಟ್ಟಿದ. ಇಬ್ಬರಿಗೂ ಪದಕ ಕೊಟ್ಟರು. ಹಣ್ಣು ಕೇಳಿದರೆ ಪೆಟ್ಟಿಗೆ ಖಾಲಿ, ಅತಿಥಿಗಳ ಜೊತೆ ಬಂದವರು ಚಿಪ್ಪುಗಟ್ಟಲೆ ಒಯ್ದಿದ್ದರಂತೆ. ಉಳಿದಿದ್ದ ಒಂದೇ ಹಣ್ಣನ್ನು ನನ್ನ ಯಜಮಾನರು ಅರ್ಧ ತಿಂದು ಕೆಳಗಿಟ್ಟಿದ್ದರು. ಅದನ್ನು ನನ್ನ ಕಡೆ ಚಾಚಿದರು ಕೂಡ. ಆ ಧೈರ್ಯಕ್ಕೆ ಏನು ಹೇಳಲಿ.

ಮೊನ್ನೆ ಇದೆಲ್ಲ ಸುವರ್ಣಾಳಿಗೆ ಹೇಳಿ ಮುಗಿಸುವ ಹೊತ್ತಿಗೆ ತಗಡಿನ ಸಂದಿಯಿಂದ ಎಳೆಬಿಸಿಲು ಬಂದಿತ್ತು. ಆರೂವರೆ ಇರಬಹುದು. ಎರಡೂ ಪದಕ ತೋರಿಸಿ ಮರಳಿ ಪಡೆದ ಆ ತಾಸಿನಲ್ಲಿ ಈಗ ಮೂವತ್ತು ಜನ ಇದ್ದೇವೆ, ಟೈರಿಗೆ ಪಾಳಿ ಹಚ್ಚಬೇಕಾಗುತ್ತದೆ. ರೆಹಾನಾ ಚಿಪ್ಪಿನಿಂದ ಒಂದು ಹಣ್ಣು ಮುರಿದು ನನ್ನ ಮುಂದೆ ಹಿಡಿದು, "ತಿನ್ರಿ ಅಕ್ಕಾ. ಹಣ್ಣು ಏನ್ ಪಾಪ ಮಾಡ್ಯದ?" ಅಂದಳು. ತಿಂದೆ. ಎರಡು ವರ್ಷ ಬಿಟ್ಟದ್ದಕ್ಕೆ ನನ್ನ ಮೇಲೇ ಸಿಟ್ಟು ಬರುವಷ್ಟು ಸಿಹಿಯಾಗಿತ್ತು. ಇನ್ನೊಂದು ತೆಗೆದುಕೊಂಡೆ. ಸುವರ್ಣಾ ಸಿಪ್ಪೆ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

"ಈ ಸಲ ನಾನೂ ಬರ್ಲೇನ್ರಿ ಮೇಡಂ? ನನಗ ಓಡಿ ರೂಢಿ ಇಲ್ಲ. ಎಲ್ಲಾರಕ್ಕಿಂತ ಹಿಂದ ಉಳಿದ್ರ?"

"ಉಳಿ" ಅಂದೆ. "ನೀ ಬರೋತನಕ ಕಮಾನು ನಾ ಹಿಡ್ಕೊಂಡು ನಿಂದರ್ತೀನಿ."

ರೆಹಾನಾ ಆಗಲೇ ಟೈರಿನ ಕಡೆ ಹೊರಟಿದ್ದಳು. ತಿರುಗಿ ಕೂಡ ನೋಡದೆ, "ಮೊಣಕೈ ಸೀದಾ ಇಟ್ಟು" ಅಂದಳು.